ಕಣ್ಣ ರೆಪ್ಪೆಯ ಗುಳ್ಳೆ: ಮಾಡಬೇಕಾದ್ದು, ಮಾಡಬಾರದ್ದು

ಲಚ್ಯಾಣ ಮತ್ತು ಸುತ್ತಲಿನ ಊರುಗಳ ಮನೆಮಂದಿಗೆ

ರೆಪ್ಪೆಯ ಮೇಲೆ ಗುಳ್ಳೆ ಎದ್ದರೆ ಒತ್ತಬೇಡಿ, ಚುಚ್ಚಬೇಡಿ, ಕಣ್ಣಿನೊಳಗೆ ಏನನ್ನೂ ಹಿಂಡಬೇಡಿ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಸ್ವಚ್ಛ ಅರಿವೆಯ ಶಾಖ ಕೊಡಿ, ಕೆಲವು ದಿನ ತಾಳಿಕೊಳ್ಳಿ. ಬಹುಪಾಲು ಗುಳ್ಳೆಗಳಿಗೆ ಇಷ್ಟೇ ಔಷಧ. ಉಳಿದ ಕೆಲವಕ್ಕೆ ಡಾಕ್ಟರು ಬೇಕೇ ಬೇಕು, ಒಮ್ಮೊಮ್ಮೆ ಅದೇ ದಿನ ಬೇಕು. ಅವೆರಡನ್ನು ಬೇರೆ ಬೇರೆ ಮಾಡಿ ಗುರುತಿಸಲು ಈ ಸೂಚನೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಯಾವ ತಾಲ್ಲೂಕಿನವರು ಓದಿದರೂ ಪಾಲಿಸಬೇಕಾದ್ದು ಇದೇ.

ಮೊದಲು ಗುಳ್ಳೆ ಯಾವುದೆಂದು ನೋಡಿ

ರೆಪ್ಪೆಗೂದಲ ಬುಡದಲ್ಲೇ ಕೆಂಪಗೆ ಎದ್ದು, ಮುಟ್ಟಿದರೆ ನೋವಾಗಿ, ಎರಡು ಮೂರು ದಿನದಲ್ಲಿ ತುದಿಗೆ ಬಿಳಿ ಕೀವು ಕಂಡರೆ ಅದು ಕಣ್ಣುಕುಟಿಗೆ. ಕೂದಲ ಬುಡದ ಸಣ್ಣ ಗ್ರಂಥಿಗೆ ಸೋಂಕು ತಗಲಿ ಆಗುವ ಕುರು ಅದು. ಹೆಚ್ಚಾಗಿ ನಮ್ಮ ಚರ್ಮದ ಮೇಲೆ, ಮೂಗಿನೊಳಗೆ ಇರುವ ಸ್ಟೆಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಕೈಯಿಂದ ಕಣ್ಣಿಗೆ ದಾಟಿರುತ್ತದೆ. ಒಂದು ವಾರ, ಹೆಚ್ಚೆಂದರೆ ಎರಡು ವಾರದಲ್ಲಿ ತಾನೇ ಒಡೆದು ಇಳಿಯುತ್ತದೆ. ಕಣ್ಣುಕುಟಿಗೆ ಆದವರ ಮುಖ ನೋಡಿದರೆ ನಮಗೂ ಬರುತ್ತದೆ ಎಂಬ ಮಾತು ಸುಳ್ಳು. ನೋಟದಿಂದ ಅದು ಅಂಟುವುದಿಲ್ಲ, ಒಂದೇ ಟವೆಲ್ಲಿನಿಂದ ರೋಗಾಣು ದಾಟಬಹುದು.

ರೆಪ್ಪೆಯ ಅಂಚಿನಿಂದ ಸ್ವಲ್ಪ ದೂರ, ಚರ್ಮದ ಅಡಿಯಲ್ಲಿ, ಗಟ್ಟಿಯಾಗಿ, ನೋವಿಲ್ಲದೆ ಕೈಗೆ ಸಿಗುವ ಗಂಟನ್ನು ಡಾಕ್ಟರು ಕಲೇಜಿಯನ್ ಎನ್ನುತ್ತಾರೆ. ನಮ್ಮ ಮೇಲಿನ ರೆಪ್ಪೆಯಲ್ಲಿ ಸುಮಾರು 30, ಕೆಳಗಿನದರಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ ಎಣ್ಣೆ ಗ್ರಂಥಿಗಳು ಸಾಲಾಗಿ ನಿಂತಿವೆ. ಇವನ್ನು 1666ರಲ್ಲಿ ವಿವರವಾಗಿ ಬರೆದಿಟ್ಟವನು ಜರ್ಮನಿಯ ವೈದ್ಯ ಹೈನ್ರಿಕ್ ಮೈಬೋಮ್. ಅವು ಸುರಿಸುವ ಎಣ್ಣೆಯ ತೆಳು ಪದರ ಕಣ್ಣೀರು ಬೇಗ ಆರದಂತೆ ಕಾಯುತ್ತದೆ. ಗ್ರಂಥಿಯ ಬಾಯಿ ಮುಚ್ಚಿದರೆ ಎಣ್ಣೆ ಒಳಗೇ ನಿಂತು, ಚಳಿಗಾಲದ ತುಪ್ಪದ ಹಾಗೆ ಹೆಪ್ಪುಗಟ್ಟುತ್ತದೆ. ಸುತ್ತಲಿನ ಮಾಂಸ ಬಾತು ಗಂಟಾಗುತ್ತದೆ. ಇದರಲ್ಲಿ ಕೀವಿಲ್ಲ. ಆದ್ದರಿಂದ ಇದನ್ನು ಒತ್ತಿದರೆ ಹೊರಗೆ ಬರುವುದು ಏನೂ ಇಲ್ಲ, ಒಳಗೇ ಒಡೆದು ಬಾವು ಹೆಚ್ಚುವುದಷ್ಟೇ. ಇದು ಇಳಿಯಲು ವಾರಗಳು ಬೇಕು, ಕೆಲವೊಮ್ಮೆ ತಿಂಗಳುಗಳು.

ಮೂಗಿನ ಪಕ್ಕದ ಕಣ್ಣಿನ ಮೂಲೆಯಲ್ಲಿ ಬಾವು, ಸದಾ ನೀರು ಸೋರುವುದು, ಒತ್ತಿದರೆ ಪಿಸುರು ಬರುವುದು ಇದ್ದರೆ ತೊಂದರೆ ರೆಪ್ಪೆಯದಲ್ಲ, ಕಣ್ಣೀರಿನ ಚೀಲದ್ದು. ಅದಕ್ಕೆ ಮನೆಮದ್ದು ಇಲ್ಲ, ಕಣ್ಣಿನ ಡಾಕ್ಟರ ಬಳಿಗೇ ಹೋಗಬೇಕು. ಮೂಲೆಯಲ್ಲಿ ಹಳದಿ ಚಪ್ಪಟೆ ಪಟ್ಟೆಗಳು ಕಂಡರೆ ರಕ್ತದ ಕೊಲೆಸ್ಟರಾಲ್ ಪರೀಕ್ಷೆ ಮಾಡಿಸಿ.

ಬೆಳಿಗ್ಗೆ ಎದ್ದಾಗ ಮಗುವಿನ ಎರಡೂ ರೆಪ್ಪೆ ಊದಿಕೊಂಡಿದ್ದು, ತುರಿಕೆ ಇಲ್ಲದೆ, ಮುಖವೂ ಬಾತಂತೆ ಕಂಡರೆ, ಮೂತ್ರ ಕಡಿಮೆಯಾಗಿದ್ದರೆ ಅಥವಾ ನೊರೆಯಾಗಿ ಹೋಗುತ್ತಿದ್ದರೆ, ಅದು ಕಣ್ಣಿನ ಕಾಯಿಲೆಯೇ ಅಲ್ಲದಿರಬಹುದು. ಮೂತ್ರಪಿಂಡದ ತೊಂದರೆ ಹೀಗೆ ಮೊದಲು ರೆಪ್ಪೆಯಲ್ಲಿ ಕಾಣಿಸಿಕೊಳ್ಳುತ್ತದೆ. ನಿದ್ದೆ ಹೆಚ್ಚಾಗಿದೆ ಎಂದು ಬಿಡಬೇಡಿ, ಆ ವಾರದಲ್ಲೇ ಮೂತ್ರ ಪರೀಕ್ಷೆ ಮಾಡಿಸಿ.

ಮಾಡಬಾರದ್ದು

ಒತ್ತಬೇಡಿ. “ಒತ್ತಿಬಿಡು, ಕೀವು ಹೋಗ್ತದ” ಎಂದು ಮನೆಯಲ್ಲಿ ಯಾರೇ ಹೇಳಿದರೂ ಕೇಳಬೇಡಿ, ಹಿರಿಯರು ಹೇಳಿದರೂ ಸರಿಯೇ. ಒತ್ತಿದಾಗ ಕೀವು ಒಳಕ್ಕೂ ಹೋಗಬಹುದು. ಮುಖದ ಈ ಭಾಗದ ರಕ್ತನಾಳಗಳು ಮಿದುಳಿನ ಬುಡದ ರಕ್ತನಾಳಗಳಿಗೆ ಕೂಡಿಕೊಂಡಿವೆ. ಸೋಂಕು ಆ ದಾರಿ ಹಿಡಿಯುವುದು ಅಪರೂಪ, ಹಿಡಿದರೆ ಜೀವಕ್ಕೇ ಅಪಾಯ. ಸೂಜಿ, ಪಿನ್ನು, ಮುಳ್ಳು, ಬ್ಲೇಡು ಯಾವುದನ್ನೂ ರೆಪ್ಪೆಯ ಹತ್ತಿರ ತರಬೇಡಿ, ಬೆಂಕಿಯಲ್ಲಿ ಹಿಡಿದು ಸುಟ್ಟುಕೊಂಡ ಸೂಜಿಯನ್ನೂ ತರಬೇಡಿ.

ಬಂಗಾರದ ಉಂಗುರವನ್ನು ತಿಕ್ಕಿ ಬಿಸಿಮಾಡಿ ಗುಳ್ಳೆಗೆ ಇಡಬೇಡಿ. ಅದರಲ್ಲಿ ಒಂದಿಷ್ಟು ಕೆಲಸ ಮಾಡುವುದು ಬಿಸಿಯೇ ಹೊರತು ಬಂಗಾರವಲ್ಲ. ಆ ಬಿಸಿಯನ್ನು ಉಂಗುರದ ಸಂದಿಯ ಕೊಳೆಯಿಲ್ಲದೆ, ಅರಿವೆಯಿಂದಲೇ ಕೊಡಬಹುದು. ಲವಂಗ ತೇಯ್ದು ಹಚ್ಚುವುದು, ಬೆಳ್ಳುಳ್ಳಿ ಹಚ್ಚುವುದು, ಎಲೆಯ ರಸ ಹಿಂಡುವುದು, ಎದೆಹಾಲು ಬಿಡುವುದು, ಹರಳೆಣ್ಣೆ, ಜೇನು, ಅರಿಶಿನದ ಲೇಪ, ಇವೆಲ್ಲ ನಿಲ್ಲಬೇಕು. ಕಣ್ಣುಕುಟಿಗೆ ಎರಡು ವಾರದ ಮಾತು, ಹಚ್ಚಿದ್ದು ಜಾರಿ ಕಣ್ಣಿನ ಕರಿಗುಡ್ಡೆಯಲ್ಲಿ ಹುಣ್ಣಾದರೆ ಅದರ ಬಿಳಿ ಕಲೆ ಜೀವನಪೂರ್ತಿ ಉಳಿಯುತ್ತದೆ. ಇಂಡಿಯ ನಿಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿರುವುದು ನಮಗೆಲ್ಲ ಹೆಮ್ಮೆ. ಅದರ ರಸ ಊಟದ ತಾಟಿಗೆ ಇರಲಿ, ಕಣ್ಣಿಗೆ ಒಂದು ಹನಿಯೂ ಬೇಡ.

ಎಲೆ ಅಡಿಕೆಯ ಸುಣ್ಣವನ್ನಂತೂ ಎಂದೆಂದಿಗೂ ರೆಪ್ಪೆಗೆ ಹಚ್ಚಬೇಡಿ. ಸುಣ್ಣ ಕ್ಷಾರ. ಕಣ್ಣಿನೊಳಗೆ ಇಳಿದರೆ ಆಳಕ್ಕೆ ಸುಡುತ್ತಾ ಹೋಗುತ್ತದೆ. ಮಕ್ಕಳ ಕೈಗೆ ಸುಣ್ಣದ ಡಬ್ಬಿ, ಪಾಕೀಟು ಸಿಗದಂತೆ ಇಡಿ, ಹಿಸುಕಿದಾಗ ನೇರ ಕಣ್ಣಿಗೇ ಸಿಡಿಯುತ್ತದೆ. ಸಿಡಿದರೆ ಆ ಕ್ಷಣವೇ ರೆಪ್ಪೆ ಅಗಲಿಸಿ ಹಿಡಿದು ಸ್ವಚ್ಛ ನೀರನ್ನು ಅರ್ಧ ಗಂಟೆ ಸುರಿಯಿರಿ, ಆಮೇಲೆ ಗಾಡಿ ಹುಡುಕಿ. ಮೊದಲು ನೀರು, ನಂತರ ಆಸ್ಪತ್ರೆ.

ಮೆಡಿಕಲ್ ಅಂಗಡಿಯಲ್ಲಿ ನಿಂತು “ಕಣ್ಣು ಕೆಂಪಾಗ್ಯಾದ, ಒಂದು ಹನಿ ಕೊಡ್ರಿ” ಎಂದು ಕೇಳಿ ಬಾಟಲಿ ತರಬೇಡಿ. ಹಾಗೆ ಕೊಡುವ ಎಷ್ಟೋ ಹನಿಗಳಲ್ಲಿ ಡೆಕ್ಸಮೆಥಾಸೋನ್, ಬೀಟಾಮೆಥಾಸೋನ್ ಎಂಬ ಸ್ಟೀರಾಯ್ಡ್ ಬೆರೆತಿರುತ್ತದೆ. ಹಾಕಿದ ದಿನವೇ ಕೆಂಪು ಇಳಿಯುತ್ತದೆ, ಅದೇ ಮೋಸ. ಡಾಕ್ಟರ ಲೆಕ್ಕವಿಲ್ಲದೆ ತಿಂಗಳುಗಟ್ಟಲೆ ಹಾಕಿಕೊಂಡರೆ ಕಣ್ಣಿನ ಒತ್ತಡ ಏರಿ ನರ ಒಣಗುತ್ತದೆ, ಪೊರೆ ಬೇಗ ಬರುತ್ತದೆ, ಒಳಗೆ ಬೂಷ್ಟಿನ ಸೋಂಕಿದ್ದರೆ ಅದು ಹಬ್ಬುತ್ತದೆ. ಕಳೆದ ವರ್ಷ ಅಣ್ಣನಿಗೆ ಬರೆದುಕೊಟ್ಟ ಬಾಟಲಿ ಈ ವರ್ಷ ತಮ್ಮನಿಗೂ ಅಲ್ಲ. ಬಾಟಲಿ ತೆರೆದು ಒಂದು ತಿಂಗಳಾದರೆ ಎಸೆಯಿರಿ, ಅರ್ಧ ಉಳಿದಿದ್ದರೂ.

ಗುಳ್ಳೆ ಇರುವಾಗ ಕಾಡಿಗೆ ಹಚ್ಚಬೇಡಿ. ಒಂದೇ ಕಾಡಿಗೆ ಡಬ್ಬಿಗೆ ಮನೆಯ ಎಲ್ಲ ಹೆಣ್ಣುಮಕ್ಕಳೂ ಬೆರಳು ಅದ್ದುವುದನ್ನು ಗುಳ್ಳೆ ಇಲ್ಲದಾಗಲೂ ಬಿಡಿ. ಹಸುಗೂಸಿನ ಕಣ್ಣಿಗೆ ಕಾಡಿಗೆ ಬೇಡವೇ ಬೇಡ. ದೃಷ್ಟಿಬೊಟ್ಟು ಇಡಲೇಬೇಕೆಂದರೆ ಗಲ್ಲಕ್ಕೋ ಅಂಗಾಲಿಗೋ ಇಡಿ.

ಕಣ್ಣಿಗೆ ಬಿದ್ದ ಕಸವನ್ನು ನಾಲಿಗೆಯಿಂದ ತೆಗೆಯುವವರ ಬಳಿಗೆ ಹೋಗಬೇಡಿ. ಬಾಯಿಯ ರೋಗಾಣು ಗೀರಾದ ಕಣ್ಣಿಗೆ ಸೇರುತ್ತದೆ. ತೊಗರಿ ರಾಶಿ, ಜೋಳದ ರಾಶಿ ನಡೆದಾಗ ಹೊಟ್ಟಿನ ಚೂರು ಮೇಲಿನ ರೆಪ್ಪೆಯ ಒಳಮೈಗೆ ಕಚ್ಚಿಕೊಂಡು ಕೂರುವುದುಂಟು. ರೆಪ್ಪೆ ಬಾತು ಗುಳ್ಳೆಯ ಹಾಗೇ ಕಾಣುತ್ತದೆ, ಆದರೆ ಕಣ್ಣು ಮಿಟುಕಿಸಿದಾಗೆಲ್ಲ ಗೀರಿದಂತಾಗುತ್ತದೆ. ನೀರಿನಿಂದ ತೊಳೆದರೂ ಹೋಗದಿದ್ದರೆ ಉಜ್ಜದೆ ಆಸ್ಪತ್ರೆಗೆ ಹೋಗಿ. ಅಲ್ಲಿ ರೆಪ್ಪೆ ಮಗುಚಿ ಒಂದು ನಿಮಿಷದಲ್ಲಿ ತೆಗೆಯುತ್ತಾರೆ. ನಿಂಬೆ ಗಿಡದ ಮುಳ್ಳು, ಕಬ್ಬಿನ ರವದಿ, ಜೋಳದ ಗರಿ ಕಣ್ಣಿಗೆ ತಗಲಿ ರೆಪ್ಪೆ ಬಾತಿದ್ದರೆ ಶಾಖವನ್ನೂ ಕೊಡಬೇಡಿ. ಗಿಡದ ಗೀರಿನಿಂದ ಬೂಷ್ಟಿನ ಹುಣ್ಣಾಗಬಹುದು. ಕೆಲಸ ಬಿಟ್ಟು ಅದೇ ದಿನ ತೋರಿಸಿ.

ಮಾಡಬೇಕಾದ್ದು

ಶಾಖ ಕೊಡುವುದನ್ನು ಸರಿಯಾಗಿ ಕಲಿಯಿರಿ, ಏಕೆಂದರೆ “ಶಾಖ ಕೊಟ್ಟೆ, ಏನೂ ಆಗಲಿಲ್ಲ” ಎನ್ನುವವರಲ್ಲಿ ಬಹಳ ಜನ ಅರಿವೆಯನ್ನು ಒಂದು ನಿಮಿಷ ಇಟ್ಟು ಬಿಟ್ಟವರೇ. ಕೈಯನ್ನು ಸಾಬೂನಿನಿಂದ ತೊಳೆಯಿರಿ. ನೀರು ಕುದಿಸಿ, ಕೈ ತಾಳುವಷ್ಟು ಆರಲು ಬಿಡಿ. ಒಗೆದು ಬಿಸಿಲಿಗೆ ಒಣಗಿಸಿದ ಹಳೆಯ ಹತ್ತಿ ಅರಿವೆಯನ್ನು ನಾಲ್ಕು ಮಡಿಕೆ ಮಾಡಿ ಅದ್ದಿ, ನೀರು ತೊಟ್ಟಿಕ್ಕದಂತೆ ಹಿಂಡಿ. ಮೊದಲು ನಿಮ್ಮ ಮುಂಗೈಯ ಒಳಮೈಗೆ ಇಟ್ಟು ನೋಡಿ, ಅಲ್ಲಿ ಹಿತವೆನಿಸಿದರೆ ಮಾತ್ರ ಕಣ್ಣು ಮುಚ್ಚಿ ರೆಪ್ಪೆಯ ಮೇಲಿಡಿ. ಮೈಯಲ್ಲೇ ಅತಿ ತೆಳುವಾದ ಚರ್ಮ ರೆಪ್ಪೆಯದು, ಬೇಗ ಸುಡುತ್ತದೆ. ಹೀಗಾಗಿ ಬಿಸಿ ಹಂಚಿಗೆ ಒತ್ತಿದ ಬಟ್ಟೆ, ಉಪ್ಪಿನ ಗಂಟು, ಕಾದ ಕಲ್ಲು ಬೇಡ. ಅರಿವೆ ಎರಡೇ ನಿಮಿಷದಲ್ಲಿ ಆರುತ್ತದೆ, ಆರಿದ ಕೂಡಲೇ ಮತ್ತೆ ಅದ್ದಿ ಹಿಂಡಿ ಇಡಿ. ಒಟ್ಟು 10 ನಿಮಿಷ ಬಿಸಿ ಇರಬೇಕು. ದಿನಕ್ಕೆ ಮೂರು ನಾಲ್ಕು ಸಲ ಮಾಡಿ. ಹೊಲಕ್ಕೆ ಹೋಗುವವರು ಬೆಳಿಗ್ಗೆ ಹೋಗುವ ಮುಂಚೆ, ಸಂಜೆ ಬಂದ ಮೇಲೆ, ರಾತ್ರಿ ಮಲಗುವಾಗ ಮಾಡಿದರೂ ಸಾಕು.

ನೋವಿಲ್ಲದ ಗಂಟಾಗಿದ್ದರೆ ಶಾಖದ ನಂತರ ಬೆರಳ ತುದಿಯಿಂದ ಹಗುರವಾಗಿ ನೀವಿ: ಮೇಲಿನ ರೆಪ್ಪೆಯನ್ನು ಕೆಳಮುಖವಾಗಿ, ಕೆಳಗಿನದನ್ನು ಮೇಲ್ಮುಖವಾಗಿ. ಎಣ್ಣೆಯ ಬಾಯಿ ಇರುವುದು ಅಂಚಿನಲ್ಲಿ, ಅತ್ತಲೇ ತಳ್ಳಬೇಕು. ನೋವಿರುವ ಕುರುವನ್ನು ನೀವಬೇಡಿ. ನಿಮ್ಮ ಅರಿವೆ, ಟವೆಲ್, ದಿಂಬಿನ ಹೊದಿಕೆ ಬೇರೆ ಇರಲಿ, ದಿನಾ ಒಗೆಯಿರಿ.

ಗುಳ್ಳೆ ಮೇಲಿಂದ ಮೇಲೆ ಬರುತ್ತಿದ್ದರೆ ಕನ್ನಡಿಯಲ್ಲಿ ರೆಪ್ಪೆಗೂದಲ ಬುಡ ನೋಡಿಕೊಳ್ಳಿ. ತಲೆಹೊಟ್ಟಿನಂಥ ಪುಡಿ ಅಂಟಿದ್ದರೆ ಕುದಿಸಿ ಆರಿಸಿದ ನೀರಿಗೆ ಒಂದೆರಡು ಹನಿ ಮಕ್ಕಳ ಶಾಂಪೂ ಬೆರೆಸಿ, ಹತ್ತಿಯಿಂದ ಕಣ್ಣು ಮುಚ್ಚಿಕೊಂಡು ಅಂಚನ್ನು ದಿನಕ್ಕೊಮ್ಮೆ ಒರೆಸಿ. ಜೊತೆಗೆ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ. ಸಕ್ಕರೆ ಕಾಯಿಲೆ ಇರುವುದು ಗೊತ್ತೇ ಇಲ್ಲದವರಿಗೆ ಮತ್ತೆ ಮತ್ತೆ ಏಳುವ ಕುರುವೇ ಮೊದಲ ಸುಳಿವು ಆಗಬಹುದು.

ಒಂದು ತಿಂಗಳು ತಪ್ಪದೆ ಶಾಖ ಕೊಟ್ಟರೂ ಗಂಟು ಸಣ್ಣದಾಗದಿದ್ದರೆ ಕಣ್ಣಿನ ಡಾಕ್ಟರಿಗೆ ತೋರಿಸಿ. ಅವರು ಗಂಟಿಗೆ ಒಂದು ಇಂಜೆಕ್ಷನ್ ಕೊಡಬಹುದು, ಇಲ್ಲವೇ ಜಾಗ ಮರಗಟ್ಟಿಸಿ, ರೆಪ್ಪೆ ಮಗುಚಿ, ಒಳಮೈಯಿಂದ ಕೊಯ್ದು ಕೆರೆದು ತೆಗೆಯಬಹುದು. ಹೊರಗೆ ಗಾಯದ ಗುರುತು ಇರುವುದಿಲ್ಲ, ಅದೇ ದಿನ ಮನೆಗೆ ಬರಬಹುದು. ಕಣ್ಣಿನ ಹತ್ತಿರ ಕತ್ತಿ ಎಂದರೆ ಎದೆ ನಡುಗುವುದು ಸಹಜ. ಆದರೆ ಅಖಂಡ ವಿಜಾಪುರ ಜಿಲ್ಲೆಯ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರು ಊರೂರಲ್ಲಿ ಶಿಬಿರ ಹೂಡಿ ಲಕ್ಷಾಂತರ ಕಣ್ಣುಗಳ ಪೊರೆ ತೆಗೆದರು, 1968ರಲ್ಲಿ ಪದ್ಮಭೂಷಣ ಪಡೆದರು. ಅವರ ಮುಂದೆ ಮಲಗಿದವರೂ ನಮ್ಮಂಥ ಹಳ್ಳಿಯ ಅಜ್ಜ ಅಜ್ಜಿಯರೇ. ರೆಪ್ಪೆಯ ಗಂಟು ತೆಗೆಯುವುದು ಪೊರೆಗಿಂತ ಬಹಳ ಸಣ್ಣ ಕೆಲಸ.

ಸಣ್ಣ ಮಕ್ಕಳಿಗೆ ಮೇಲಿನ ರೆಪ್ಪೆಯಲ್ಲಿ ದೊಡ್ಡ ಗಂಟಾದರೆ ತಿಂಗಳು ಕಾಯಬೇಡಿ. ಅದು ಕಣ್ಣುಗುಡ್ಡೆಯನ್ನು ಒತ್ತಿ ನೋಟ ಮಸುಕಾಗಿಸುತ್ತದೆ, ಬೆಳೆಯುವ ವಯಸ್ಸಿನಲ್ಲಿ ಆ ಕಣ್ಣು ನೋಡುವುದನ್ನೇ ಕಲಿಯದೆ ಉಳಿಯಬಹುದು.

ಒಂದು ಗಂಟೆಯೂ ಕಾಯಬಾರದಾಗ

ಜ್ವರದ ಜೊತೆ ಇಡೀ ರೆಪ್ಪೆ ಕೆಂಪಗೆ ಬಿಸಿಯಾಗಿ ಬಾತು ಕಣ್ಣು ತೆರೆಯಲಾಗದಿದ್ದರೆ, ಕಣ್ಣುಗುಡ್ಡೆ ಮುಂದಕ್ಕೆ ಬಂದಂತೆ ಕಂಡರೆ, ಕಣ್ಣು ಆಚೀಚೆ ತಿರುಗಿಸಿದಾಗ ನೋವಾದರೆ, ಒಂದು ವಸ್ತು ಎರಡಾಗಿ ಅಥವಾ ಮಸುಕಾಗಿ ಕಂಡರೆ, ಸೋಂಕು ರೆಪ್ಪೆ ದಾಟಿ ಕಣ್ಣಿನ ಗೂಡಿಗೆ ಇಳಿದಿದೆ ಎಂದೇ ತಿಳಿಯಿರಿ. ನೆಗಡಿ, ಸೈನಸ್ ಆದ ಮಕ್ಕಳಲ್ಲಿ ಇದು ಬೇಗ ಆಗುತ್ತದೆ. ರಾತ್ರಿಯಾದರೂ 108ಕ್ಕೆ ಫೋನ್ ಮಾಡಿ, ಹೊರಡಿ. ಇಂಥ ರೋಗಿಯನ್ನು ಭರ್ತಿ ಮಾಡಿಕೊಳ್ಳುವ ಅನುಕೂಲವಿರುವ ವಿಜಯಪುರದ ಜಿಲ್ಲಾ ಆಸ್ಪತ್ರೆ, ಬಿ.ಎಂ. ಪಾಟೀಲ ಮೆಡಿಕಲ್ ಕಾಲೇಜು ಆಸ್ಪತ್ರೆಯಂಥ ಕಡೆಗೇ ಒಯ್ಯಬೇಕು. ಹರಕೆ ಹೊರುವವರು ಹೊರಿ, ಲಚ್ಯಾಣದ ಸಿದ್ಧಲಿಂಗ ಮಹಾರಾಜರಿಗೆ ಕಾಯಿ ಒಡೆಸಿ, ಆದರೆ ಗಾಡಿ ಹತ್ತಿದ ಮೇಲೆ.

ಐವತ್ತು ದಾಟಿದವರ ಗುಳ್ಳೆ

ಇದನ್ನು ಎರಡು ಸಲ ಓದಿ, ಓದಲು ಬಾರದ ಹಿರಿಯರಿಗೆ ಓದಿ ಹೇಳಿ. ಒಂದೇ ಜಾಗದಲ್ಲಿ ಗಂಟು ತೆಗೆಸಿದ ಮೇಲೂ ಮತ್ತೆ ಎದ್ದರೆ, ಅದರ ಮೇಲಿನ ರೆಪ್ಪೆಗೂದಲು ಉದುರಿದ್ದರೆ, ಮೇಲೆ ಹುಣ್ಣಾಗಿ ರಕ್ತ ಜಿನುಗಿದರೆ, ಒಂದೇ ಕಣ್ಣಿನ ಅಂಚು ತಿಂಗಳುಗಟ್ಟಲೆ ಕೆಂಪಾಗಿಯೇ ಇದ್ದರೆ, ಅದು ರೆಪ್ಪೆಯ ಎಣ್ಣೆ ಗ್ರಂಥಿಯ ಕ್ಯಾನ್ಸರ್ ಇರಬಹುದು. ಪಶ್ಚಿಮದ ದೇಶಗಳಲ್ಲಿ ಇದು ಅಪರೂಪ, ಭಾರತದಲ್ಲಿ ರೆಪ್ಪೆಯ ಕ್ಯಾನ್ಸರ್‌ಗಳ ಪೈಕಿ ಇದರ ಪಾಲು ದೊಡ್ಡದು. ನೋಡಲು ಬಡಪಾಯಿ ಕಲೇಜಿಯನ್‌ನ ಹಾಗೇ ಇರುತ್ತದೆ, ನೋವು ಇರುವುದಿಲ್ಲ. ನೋವಿಲ್ಲದ್ದಕ್ಕೇ ಜನ ಸುಮ್ಮನಿರುತ್ತಾರೆ. ಅಷ್ಟರಲ್ಲಿ ಅದು ಕಿವಿಯ ಮುಂದಿನ, ದವಡೆಯ ಕೆಳಗಿನ ದುಗ್ಧ ಗ್ರಂಥಿಗಳಿಗೆ ಹರಡುತ್ತದೆ.

ಆದ್ದರಿಂದ ಎರಡನೇ ಸಲ ಗಂಟು ತೆಗೆಯುವಾಗ “ಡಾಕ್ಟ್ರೇ, ಇದರ ತುಣುಕು ಪರೀಕ್ಷೆಗೆ ಕಳಿಸ್ರಿ” ಎಂದು ಕೇಳಿ. ಕೇಳುವುದು ನಿಮ್ಮ ಹಕ್ಕು, ಡಾಕ್ಟರಿಗೆ ಅದರಿಂದ ಬೇಸರವಾಗುವುದಿಲ್ಲ. ವರದಿ ಬಂತೇ ಎಂದು ತಿರುಗಿ ಹೋಗಿ ವಿಚಾರಿಸಿ. ಕ್ಯಾನ್ಸರ್ ಎಂದು ಬಂದರೆ ಬೇಗ ಕತ್ತರಿಸಿ ತೆಗೆದರೆ ಜೀವವೂ ಉಳಿಯುತ್ತದೆ, ಹೆಚ್ಚಾಗಿ ಕಣ್ಣೂ ಉಳಿಯುತ್ತದೆ. ಕಲಬುರಗಿಯಲ್ಲಿ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಕೇಂದ್ರವಿದೆ, ಬೆಂಗಳೂರಿಗೇ ಹೋಗಬೇಕೆಂದು ಹೆದರಿ ಮನೆಯಲ್ಲಿ ಕೂರಬೇಡಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯಿದೆ.

ತೋರಿಸಲು ಮೊದಲು ಹತ್ತಿರದ ಆರೋಗ್ಯ ಕೇಂದ್ರಕ್ಕೆ, ಅಲ್ಲಿಂದ ಇಂಡಿಯ ತಾಲ್ಲೂಕು ಆಸ್ಪತ್ರೆಗೆ ಹೋಗಿ. ದಾರಿ ತಿಳಿಯದಿದ್ದರೆ ನಿಮ್ಮ ಓಣಿಯ ಆಶಾ ಕಾರ್ಯಕರ್ತೆಯನ್ನು ಕೇಳಿ. ಮೇಲಿನ ಆಸ್ಪತ್ರೆಗೆ ಹೋಗಬೇಕಾದರೆ ಶಿಫಾರಸು ಪತ್ರ ಬರೆಸಿಕೊಳ್ಳಿ. ರೇಷನ್ ಕಾರ್ಡ್, ಆಧಾರ್ ಒಯ್ಯಿರಿ. ಇದುವರೆಗೆ ಕಣ್ಣಿಗೆ ಹಾಕಿದ ಹನಿಯ ಬಾಟಲಿ, ಹಚ್ಚಿದ ಮುಲಾಮಿನ ಟ್ಯೂಬು ಖಾಲಿಯಾಗಿದ್ದರೂ ಚೀಲದಲ್ಲಿ ಹಾಕಿಕೊಳ್ಳಿ, ಎಲೆಯ ರಸ ಬಿಟ್ಟಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ. ಡಾಕ್ಟರು ಚಿಕಿತ್ಸೆ ಶುರುಮಾಡುವುದು ಅದನ್ನು ತಿಳಿದ ಮೇಲೆಯೇ.