ಪಿಕಪ್ ಗಾಡಿಯಲ್ಲಿ ಸಲಕರಣೆಯ ಪೆಟ್ಟಿಗೆಯನ್ನು ಭದ್ರಪಡಿಸುವ ಕ್ರಮ

ಪಿಕಪ್ ಗಾಡಿಯುಳ್ಳ ಭೂಮಾಲೀಕರು ಹಾರೆ, ಸ್ಪ್ಯಾನರು, ಪಂಪಿನ ಬಿಡಿಭಾಗ ಮೊದಲಾದವುಗಳನ್ನು ಪೆಟ್ಟಿಗೆಯಲ್ಲಿ ತುಂಬಿ, ಹಿಂಬದಿಯ ತೊಟ್ಟಿಯಲ್ಲಿ ಹಗ್ಗದಿಂದ ಕಟ್ಟುವುದುಂಟು. ಹಗ್ಗವು ಕುಲುಕಾಟಕ್ಕೆ ಸಡಿಲಗೊಳ್ಳುವುದು. ಗಂಟೆಗೆ 40 ಕಿಲೋಮೀಟರು ವೇಗದಲ್ಲಿರುವ ಗಾಡಿಯು ಥಟ್ಟನೆ ನಿಂತರೆ ಪೆಟ್ಟಿಗೆಯು ಅದೇ ವೇಗದಿಂದ ಮುನ್ನುಗ್ಗುವುದು. ಆ ರಭಸವು ಸುಮಾರು 20 ಅಡಿ ಎತ್ತರದಿಂದ ಬಿದ್ದುದಕ್ಕೆ ಸಮ. ಸರಕಿನೊಡನೆ ಆಳುಗಳನ್ನು ಕೂರಿಸುವುದು ತರವಲ್ಲದಿದ್ದರೂ ಹಲವೆಡೆ ನಡೆದೇ ಇದೆ. ಪೆಟ್ಟು ಮೊದಲು ತಗಲುವುದು ಅವರಿಗೆ.

ಪೆಟ್ಟಿಗೆಯನ್ನು ತೊಟ್ಟಿಯ ಮುಂಗೋಡೆಗೆ ಒತ್ತಾಗಿ ಇಡತಕ್ಕದ್ದು. ತೊಟ್ಟಿಯ ತಗಡು ತೆಳುವಾದುದರಿಂದ ಬರಿಯ ತಿರುಪುಮೊಳೆ ನಿಲ್ಲದು. ನಾಲ್ಕು ಮೂಲೆಗಳಲ್ಲಿಯೂ 10 ಮಿಲಿಮೀಟರಿನ ಬೋಲ್ಟುಗಳನ್ನು ಪೆಟ್ಟಿಗೆಯ ಒಳಗಿನಿಂದ ತೊಟ್ಟಿಯ ಕೆಳಕ್ಕೆ ಇಳಿಸಿ, ಅಡಿಯಲ್ಲಿ ಎರಡು ಅಂಗುಲ ಅಗಲದ ದಪ್ಪ ಕಬ್ಬಿಣದ ಪಟ್ಟಿಯನ್ನು ಕೊಟ್ಟು ಬಿಗಿಯಬೇಕು. ಪಟ್ಟಿಯಿಲ್ಲದಿದ್ದರೆ ಎಳೆತ ಬಿದ್ದಾಗ ನಟ್ಟು ತಗಡನ್ನೇ ಹರಿದುಕೊಂಡು ಬರುವುದು. ಚಾಸಿಯ ತೊಲೆಗಳನ್ನು ಮಾತ್ರ ಕೊರೆಯಕೂಡದು.

ಕೊರೆಯುವ ಮೊದಲು ಗಾಡಿಯಡಿಗೆ ನುಸುಳಿ ಇಂಧನದ ಟ್ಯಾಂಕು, ಬ್ರೇಕಿನ ಕೊಳವೆ, ವಿದ್ಯುತ್ತಂತಿಗಳು ಎಲ್ಲಿವೆಯೆಂದು ನೋಡಲೇಬೇಕು. ಆತುರದಲ್ಲಿ ಬ್ರೇಕಿನ ಕೊಳವೆಗೆ ತೂತು ಬಿದ್ದರೆ ಪೆಟ್ಟಿಗೆಯ ಮಾತು ಒತ್ತಟ್ಟಿಗಿರಲಿ, ಗಾಡಿಯೇ ನಿಲ್ಲದು. ಕೊರೆದ ಅಂಚುಗಳಿಗೆ ಬಣ್ಣ ಬಳಿಯದಿದ್ದರೆ ಅಲ್ಲಿಂದಲೇ ತುಕ್ಕು ಹರಡುವುದು. ಒಂದು ವಾರ ಓಡಿಸಿದ ತರುವಾಯ ನಟ್ಟುಗಳನ್ನು ಮತ್ತೊಮ್ಮೆ ಬಿಗಿಯತಕ್ಕದ್ದು.