ತುಕ್ಕು ತಿಂದ ಟ್ರೇಲರಿಗೆ ಮನೆಯಲ್ಲೇ ರೋಲರ್ ಬಣ್ಣ

ಶಿವಮೊಗ್ಗದ ರಾಗಿಗುಡ್ಡದ ಆಚೆ ನಮಗೆ ಮೂರು ಎಕರೆ ಖುಷ್ಕಿ. ಮೆಕ್ಕೆಜೋಳ, ರಾಗಿ, ಸಾಲಿನ ನಡುವೆ ಅವರೆ, ತೊಗರಿ. ರಾಗಿಗುಡ್ಡ ಈಗ ಪೇಟೆಯೊಳಗೇ ಸೇರಿಹೋಗಿದೆ. ನಮ್ಮ ಹೊಲ ಮಾತ್ರ ಇನ್ನೂ ಮಳೆಯನ್ನೇ ನಂಬಿದೆ. ಇಂಥ ಬೇಸಾಯದಲ್ಲಿ ಹೊಸ ಟ್ರೇಲರ್ ಕೊಳ್ಳುವ ಮಾತಿಲ್ಲ. ಇರುವುದನ್ನೇ ಉಳಿಸಿಕೊಳ್ಳಬೇಕು.

ನಮ್ಮದು 2004ರಲ್ಲಿ ತಂದ ಎರಡನೇ ಕೈ ಟ್ರೇಲರ್. ಹತ್ತಡಿ ಉದ್ದ, ಆರಡಿ ಅಗಲ. 2013ರಲ್ಲಿ ಅದಕ್ಕೆ ಮೊದಲ ಸಲ ನಾನೇ ಬಣ್ಣ ಬಳಿದೆ. ದೀಪಾವಳಿಗೆ ಮುಂಚೆ ಎರಡೇ ದಿನದ ಕೆಲಸ. ಅಲ್ಲಲ್ಲಿ ಕೆರೆದು, ತುಕ್ಕಿನ ಮೇಲೇ ದಪ್ಪಗೆ ಎನಾಮಲ್ ಬಳಿದುಬಿಟ್ಟೆ. ಹಬ್ಬದ ಪೂಜೆಗೆ ನಿಲ್ಲಿಸಿದಾಗ ಹೊಸದರ ಹಾಗೇ ಕಂಡಿತು. ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಬಣ್ಣ ಹಪ್ಪಳದ ಹಾಗೆ ಎದ್ದು ಬಂತು. ಅದರ ಅಡಿಯಲ್ಲಿ ತುಕ್ಕು ತನ್ನ ಪಾಡಿಗೆ ತಾನು ಕಬ್ಬಿಣ ತಿನ್ನುತ್ತಲೇ ಇತ್ತು. 2020ರ ಸುಗ್ಗಿಯಲ್ಲಿ ಜೋಳದ ಚೀಲ ಹೇರುವಾಗ ತಳದ ತಗಡು ಕುಸಿದು ಮಗನ ಕಾಲು ಮೊಣಕಾಲ ತನಕ ಒಳಗೆ ಹೋಯಿತು. ಹೊಲಿಗೆ ಹಾಕಿಸಬೇಕಾಯಿತು.

ಟ್ರೇಲರಿಗೆ ಬಣ್ಣ ಚೆಂದಕ್ಕಲ್ಲ, ಕಬ್ಬಿಣದ ಆಯುಸ್ಸಿಗೆ ಎಂದು ಆಗ ಗೊತ್ತಾಯಿತು. ಪೇಟೆಯಲ್ಲಿ ವಿಚಾರಿಸಿದರೆ ಕೆರೆದು ಸ್ಪ್ರೇ ಹೊಡೆಯಲು 14,000 ರೂಪಾಯಿ ಎಂದರು. ಅಷ್ಟು ಕೈಯಲ್ಲಿರಲಿಲ್ಲ. 2021ರ ಫೆಬ್ರವರಿಯಲ್ಲಿ ನಾನು, ಮಗ ಇಬ್ಬರೇ ಕೂತು ರೋಲರಿನಲ್ಲಿ ಮಾಡಿದೆವು. ಕೈಯಲ್ಲಿ ಬಳಿಯುವುದು ಕೀಳು ಕೆಲಸ ಅಂದುಕೊಳ್ಳಬೇಡಿ. 1920ರ ದಶಕದ ತನಕ ಅಮೆರಿಕದ ಕಾರುಗಳಿಗೂ ಹೆಚ್ಚಾಗಿ ಕುಂಚದಲ್ಲೇ ಬಣ್ಣ ಹಚ್ಚುತ್ತಿದ್ದರು. ಬೇಗ ಒಣಗುವ ಬಣ್ಣ ಬಂದ ಮೇಲೆಯೇ ಸ್ಪ್ರೇ ಜೋರಾದದ್ದು.

ಯಾವಾಗ ಮಾಡಬೇಕು?

ನಮ್ಮ ಕಡೆ ಫೆಬ್ರವರಿ, ಮಾರ್ಚ್ ಒಳ್ಳೆಯದು. ಸುಗ್ಗಿ ಮುಗಿದಿರುತ್ತದೆ, ಮಳೆ ಇಲ್ಲ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಶುರು ಮಾಡಿ ಮಧ್ಯಾಹ್ನ ಮೂರಕ್ಕೆ ನಿಲ್ಲಿಸಬೇಕು. ಹಸಿ ಎನಾಮಲ್ ಮೇಲೆ ಇಬ್ಬನಿ ಬಿದ್ದರೆ ಹೊಳಪು ಸತ್ತುಹೋಗುತ್ತದೆ. ಸುಡುಬಿಸಿಲಿನಲ್ಲಿ ಕಾದ ತಗಡಿಗೂ ಬಳಿಯಬಾರದು, ಗುಳ್ಳೆ ಏಳುತ್ತದೆ. ನಾವು ಹುಣಸೆ ಮರದ ನೆರಳಿನಲ್ಲಿ ನಿಲ್ಲಿಸಿ, ಎಲೆ, ಧೂಳು ಬೀಳದಂತೆ ಮೇಲೆ ಟಾರ್ಪಾಲು ಕಟ್ಟಿದೆವು.

ಮುಕ್ಕಾಲು ಕೆಲಸ ಕೆರೆಯುವುದೇ

ಒಂಬತ್ತು ದಿನದಲ್ಲಿ ಆರು ದಿನ ಕೆರೆದದ್ದೇ ಆಯಿತು. ಮೊದಲು ಗ್ರೀಸು, ಎಣ್ಣೆ ತೆಗೆಯಬೇಕು. ತುಕ್ಕು ಹಿಡಿಯದಿರಲಿ ಎಂದು ನಾನು ಚಾಸಿಗೆ ಸುಟ್ಟ ಆಯಿಲ್ ಬಳಿಯುತ್ತಿದ್ದೆ. ಅದರ ಮೇಲೆ ಯಾವ ಬಣ್ಣವೂ ಕೂರುವುದಿಲ್ಲ. ಸೀಮೆಎಣ್ಣೆಯಲ್ಲಿ ಒರೆಸಿದರೂ ಸಾಲದು, ಅದರದ್ದೇ ಜಿಡ್ಡು ಉಳಿಯುತ್ತದೆ. ಆಮೇಲೆ ಸೋಪಿನ ನೀರಿನಲ್ಲಿ ತಿಕ್ಕಿ ತೊಳೆದು ಪೂರಾ ಒಣಗಿಸಬೇಕು.

ಪದರ ಎದ್ದ ತುಕ್ಕನ್ನು ಉಳಿ, ತಂತಿ ಬ್ರಶ್ಶಿನಿಂದ ಕೆರೆದು, 80 ನಂಬರಿನ ಎಮರಿ ಕಾಗದದಿಂದ ಕಬ್ಬಿಣ ಬೆಳ್ಳಗೆ ಕಾಣುವ ತನಕ ಉಜ್ಜಿದೆವು. ಗಟ್ಟಿಯಾಗಿ ಕೂತ ಹಳೇ ಬಣ್ಣ ತೆಗೆಯಬೇಕಿಲ್ಲ. ಅದರ ಅಂಚನ್ನು 120ರ ಕಾಗದದಲ್ಲಿ ಉಜ್ಜಿ, ಬೆರಳಿಗೆ ಮೆಟ್ಟಿಲು ತಾಗದ ಹಾಗೆ ಮಾಡಿದರೆ ಸಾಕು. ತೂತಾದ ತಳಕ್ಕೆ ಬಣ್ಣ ಮದ್ದಲ್ಲ. ಆ ತಗಡು ಕತ್ತರಿಸಿ ಹೊಸದು ಬೆಸುಗೆ ಹಾಕಿಸಿದೆವು.

ಇಲ್ಲಿ ಒಂದು ಮಾತು ತಪ್ಪದೆ ಓದಿ. 2013ರಲ್ಲಿ ಕೆರೆದ ಬಣ್ಣದ ಚಕ್ಕೆಯನ್ನು ನಾನು ಕೊಟ್ಟಿಗೆ ಪಕ್ಕವೇ ಗುಡಿಸಿ ಬಿಟ್ಟಿದ್ದೆ. ಕರು ಅದನ್ನು ನೆಕ್ಕಿತು. ಎರಡು ದಿನಕ್ಕೆ ಕಣ್ಣು ಕಾಣದೆ ಗೋಡೆಗೆ ಹಾಯುತ್ತಿತ್ತು. ಹಲ್ಲು ಕಡಿಯಿತು, ಸೆಳೆತ ಬಂತು, ಸತ್ತಿತು. ಹಳೇ ಬಣ್ಣದ ಸೀಸದ ವಿಷವೇ ಇರಬೇಕು ಎಂದರು ಪಶುವೈದ್ಯರು. ನನ್ನ ಹೆಂಡತಿ ವಾರ ನನ್ನ ಹತ್ತಿರ ಮಾತಾಡಲಿಲ್ಲ. ಹಳೇ ಹಳದಿ, ಕೇಸರಿ, ಕೆಂಪು ಬಣ್ಣಗಳಲ್ಲಿ ಸೀಸ ಹೆಚ್ಚಿರುವ ಸಂಭವ ಉಂಟು. ದೇಶದಲ್ಲಿ ಮನೆ ಬಳಕೆಯ ಬಣ್ಣಕ್ಕೆ ಹತ್ತು ಲಕ್ಷ ಭಾಗಕ್ಕೆ 90 ಭಾಗ ಸೀಸ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನು ವಿಷ ಅಂತಲೇ ತಿಳಿಯಿರಿ.

ಈ ಸಲ ಕೊಟ್ಟಿಗೆ, ಬಾವಿಯಿಂದ ದೂರ ನಿಂತು ಕೆರೆದೆವು. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಮೂಗಿಗೆ ಮಾಸ್ಕ್ ಕಟ್ಟಿಕೊಂಡೆವು. ಹಳೇ ಬಣ್ಣವನ್ನು ನೀರು ಹಾಕಿಯೇ ಉಜ್ಜಿದೆವು, ಧೂಳು ಹಾರುವುದಿಲ್ಲ. ಬರೀ ಕಬ್ಬಿಣಕ್ಕೆ ಮಾತ್ರ ನೀರು ಬೇಡ, ಗಂಟೆಯೊಳಗೆ ಮತ್ತೆ ತುಕ್ಕು ಕೂರುತ್ತದೆ. ಅಲ್ಲಿ ಕಾಗದವನ್ನು ಟರ್ಪೆಂಟೈನಿನಲ್ಲಿ ಅದ್ದಿ ಉಜ್ಜಬಹುದು. ಚಕ್ಕೆ ಎಲ್ಲಾ ಹಾಳೆ ಸಮೇತ ಚೀಲಕ್ಕೆ ತುಂಬಿ ಬಾಯಿ ಕಟ್ಟಿದೆವು. ಸುಡಬೇಡಿ, ತಿಪ್ಪೆಗೆ ಹಾಕಬೇಡಿ. ಮಕ್ಕಳನ್ನು ಹತ್ತಿರ ಬಿಡಬೇಡಿ, ಊಟಕ್ಕೆ ಮುಂಚೆ ಕೈ ತೊಳೆಯಿರಿ.

ರೆಡ್ ಆಕ್ಸೈಡ್

ಕೆರೆದ ಭಾಗಕ್ಕೆ ಅಂದಿನ ಸಂಜೆಯೊಳಗೇ ರೆಡ್ ಆಕ್ಸೈಡ್ ಪ್ರೈಮರ್ ಬೀಳಬೇಕು. ಹಾಗಾಗಿ ಒಂದೇ ಸಲ ಪೂರ್ತಿ ಕೆರೆಯಲಿಲ್ಲ. ದಿನಕ್ಕೊಂದು ಪಕ್ಕ ಕೆರೆದು, ಆ ಪಕ್ಕಕ್ಕೇ ಪ್ರೈಮರ್ ಹಚ್ಚಿ ಮಲಗಿದೆವು.

ನಮ್ಮ ಪಕ್ಕದ ಭದ್ರಾವತಿಯ ಕಾರ್ಖಾನೆಗೆ ಹಿಂದೆ ಕೆಮ್ಮಣ್ಣುಗುಂಡಿಯಿಂದ ಬರುತ್ತಿದ್ದ ಕೆಂಪು ಅದಿರು, ಈ ಪ್ರೈಮರಿನ ಕೆಂಪು ಪುಡಿ, ತುಕ್ಕು, ಮೂರೂ ಒಂದೇ ಜಾತಿ. ಕಬ್ಬಿಣಕ್ಕೆ ಗಾಳಿಯ ಆಮ್ಲಜನಕ ಸೇರಿ ಆದದ್ದು. ಆದರೆ ತುಕ್ಕು ಸಡಿಲ, ಸ್ಪಂಜಿನ ಹಾಗೆ ನೀರು ಹಿಡಿದಿಡುತ್ತದೆ. ಪ್ರೈಮರಿನ ಪುಡಿ ಅಂಟಿನಲ್ಲಿ ಕಟ್ಟಿಕೊಂಡು ನೀರನ್ನು ತಡೆಯುತ್ತದೆ. ಸಂದಿ, ಬೋಲ್ಟು, ಬೆಸುಗೆ ಗೆರೆಗೆ ಮೊದಲು ಬ್ರಶ್ಶಿನಲ್ಲಿ ಒತ್ತಿ ಹಚ್ಚಿ, ಆಮೇಲೆ ಚಪ್ಪಟೆ ಭಾಗಕ್ಕೆ ರೋಲರ್ ಹಾಯಿಸಿ. ತಳಕ್ಕೂ ಅಡಿಭಾಗಕ್ಕೂ ಎರಡು ಸಲ ಕೊಟ್ಟೆವು.

ರೋಲರ್ ಹಾಯಿಸುವ ಕ್ರಮ

ನಾಲ್ಕು ಇಂಚಿನ ಫೋಮ್ ರೋಲರ್ ಸಾಕು. ಅಂಗಡಿಯಲ್ಲಿ ಎನಾಮಲಿಗೆ ಎಂದು ಹೇಳಿಯೇ ಕೇಳಿ. ಸಿಂಥೆಟಿಕ್ ಎನಾಮಲಿಗೆ ಮಿನರಲ್ ಟರ್ಪೆಂಟೈನ್ ಮಾತ್ರ ಬೆರೆಸಬೇಕು. ಸ್ಪ್ರೇ ಬಣ್ಣದ ಎನ್.ಸಿ. ಥಿನ್ನರ್ ಬೆರೆಸಿದರೆ ಫೋಮೂ ಕೆಡುತ್ತದೆ, ಅಡಿಯ ಬಣ್ಣವೂ ಸುಕ್ಕುಗಟ್ಟುತ್ತದೆ. ಲೀಟರಿಗೆ 100ರಿಂದ 150 ಮಿಲಿ ಟರ್ಪೆಂಟೈನ್ ಹಾಕಿದರೆ ಗಟ್ಟಿ ಮಜ್ಜಿಗೆ ಹದಕ್ಕೆ ಬರುತ್ತದೆ. ದೋಸೆಹಿಟ್ಟಿನ ಹದ ಬೇಡ.

ತಟ್ಟೆಯಲ್ಲಿ ಬಣ್ಣ ಹಾಕಿ, ರೋಲರ್ ಅದ್ದಿ, ಹಿಂಡಿದ ಹಾಗೆ ಒಂದೆರಡು ಸಲ ಉರುಳಿಸಿ. ಎರಡಡಿ ಅಗಲದಷ್ಟೇ ಹಿಡಿದು ಮೇಲೆ ಕೆಳಗೆ, ಆಮೇಲೆ ಅಡ್ಡ ಹಾಯಿಸಿ. ಕಡೆಗೆ ಒತ್ತದೆ, ರೋಲರಿನ ಭಾರದಲ್ಲೇ ಒಂದೇ ದಿಕ್ಕಿಗೆ ಎಳೆಯಿರಿ. ಅವಸರದಲ್ಲಿ ಉರುಳಿಸಿದರೆ ಗುಳ್ಳೆ ಬರುತ್ತದೆ. ಮೊದಲ ಕೋಟಿನಲ್ಲಿ ಅಡಿಯ ಕೆಂಪು ಕಾಣುತ್ತದೆ. ಕಾಣಲಿ ಬಿಡಿ. ಅದನ್ನು ಮುಚ್ಚಲು ದಪ್ಪಗೆ ಹಚ್ಚಿದರೆ ಮೇಲೆ ಒಣಗಿ ಒಳಗೆ ಹಸಿ ಉಳಿಯುತ್ತದೆ. ನನ್ನ ಮೊದಲಿನ ಎರಡನೇ ತಪ್ಪು ಅದೇ.

ಒಂದು ರಾತ್ರಿ, ಒಂದು ಹಗಲು ಬಿಟ್ಟು, 400ರ ಕಾಗದದಲ್ಲಿ ನೀರು ಹಾಕಿ ಹಗುರಾಗಿ ಉಜ್ಜಿ, ಒರೆಸಿ ಒಣಗಿಸಿ ಮತ್ತೊಂದು ಕೋಟ್. ಹೊರಮೈಗೆ ಮೂರು, ಒಳಗೆ ಎರಡು ಆಯಿತು. ಗ್ರೀಸ್ ನಿಪ್ಪಲ್, ಹುಕ್ಕಿನ ಪಿನ್ನು, ಟೈರು, ನಂಬರ್ ಪ್ಲೇಟು, ಹಿಂದಿನ ಕೆಂಪು ರಿಫ್ಲೆಕ್ಟರ್, ಎಲ್ಲಕ್ಕೂ ಮೊದಲೇ ಪೇಪರ್ ಅಂಟಿಸಿರಿ. ಕೊರೆದ ಚಾಸಿ ನಂಬರ್ ಬಣ್ಣದಲ್ಲಿ ತುಂಬಿಹೋಗಬಾರದು. ಬಣ್ಣ ಮೊದಲಿನದೇ ಇರಲಿ. ಆರ್.ಸಿ.ಯಲ್ಲಿ ಬಣ್ಣವೂ ಬರೆದಿರುತ್ತದೆ, ಬದಲಿಸುವುದಾದರೆ ಮೊದಲು ಆರ್.ಟಿ.ಓ. ಕಚೇರಿಯಲ್ಲಿ ಕೇಳಿಕೊಳ್ಳಿ.

ಬಣ್ಣದ ಹತ್ತಿರ ಬೀಡಿ ಹಚ್ಚಬೇಡಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಹುಲ್ಲಿನ ಬಣವೆ ಕಡೆ ಎಸೆಯಬೇಡಿ, ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳುವುದುಂಟು. ನೀರಿನಲ್ಲಿ ಮುಳುಗಿಸಿಡಿ.

ಟ್ರಾಕ್ಟರ್ ಬಾನೆಟ್ಟಿಗೆ ಹೊಳಪು ಬೇಕೆಂದರೆ ಇದೇ ಕ್ರಮ, ಆದರೆ ಬಣ್ಣ ಇನ್ನೂ ತೆಳು, ಕೋಟು ಆರು. ಎರಡು ಕೋಟಿಗೊಮ್ಮೆ 600ರ ಕಾಗದ. ಎರಡು ವಾರ ಕಳೆದ ಮೇಲೆ 800ರಲ್ಲಿ ಉಜ್ಜಿ ರಬ್ಬಿಂಗ್ ಕಾಂಪೌಂಡ್ ತಿಕ್ಕಿದರೆ ರೋಲರಿನ ಗುರುತೇ ಕಾಣದು.

2021ರಲ್ಲಿ ಆದ ಖರ್ಚು

ರೆಡ್ ಆಕ್ಸೈಡ್ 4 ಲೀಟರ್: ರೂ. 800
ಎನಾಮಲ್ 4 ಲೀಟರ್: ರೂ. 1,150
ಬಾನೆಟ್ಟಿಗೆ ಎನಾಮಲ್ ಅರ್ಧ ಲೀಟರ್: ರೂ. 180
ಟರ್ಪೆಂಟೈನ್ 3 ಲೀಟರ್: ರೂ. 360
ಎಮರಿ ಕಾಗದ: ರೂ. 450
ರೋಲರ್, ಬ್ರಶ್: ರೂ. 400
ತಂತಿ ಬ್ರಶ್, ಪಟ್ಟಿ: ರೂ. 250
ಸೋಪು, ಮಾಸ್ಕ್, ಕೈಗವಸು: ರೂ. 200
ಒಟ್ಟು: ರೂ. 3,790

ತಳದ ತಗಡು, ಬೆಸುಗೆಗೆ ಬೇರೆ 4,200 ಆಯಿತು. ನಮ್ಮಿಬ್ಬರ ಒಂಬತ್ತು ದಿನದ ಕೂಲಿ ಲೆಕ್ಕಕ್ಕೆ ಹಿಡಿದಿಲ್ಲ. ಕೂಲಿ ಕೊಟ್ಟು ಮಾಡಿಸುವುದಾದರೆ ಉಳಿತಾಯ ಅಷ್ಟಕ್ಕಷ್ಟೇ.

ಹತ್ತು ದಿನ ಹೊರೆ ಹೇರಬೇಡಿ. ಆಮೇಲೂ ಯೂರಿಯಾ, ಡಿ.ಎ.ಪಿ., ಕೊಟ್ಟಿಗೆ ಗೊಬ್ಬರ ರಾತ್ರಿ ಟ್ರೇಲರಿನಲ್ಲೇ ಉಳಿಯುವುದು ಬೇಡ. ರಸಗೊಬ್ಬರದ ಉಪ್ಪು ಗಾಳಿಯ ತೇವ ಎಳೆದು ಕಬ್ಬಿಣ ತಿನ್ನುತ್ತದೆ. ಇಳಿಸಿದ ದಿನವೇ ತೊಳೆಯಿರಿ.

2024ರ ಮಳೆಗಾಲ ಮುಗಿದ ಮೇಲೆ ಪೂರ್ತಿ ನೋಡಿದೆ. ಹೊರಮೈ ಹಾಗೇ ಇದೆ. ತಳದಲ್ಲಿ ಗುದ್ದಲಿ ತಾಗಿದ ಕಡೆ ಅಂಗೈಯಗಲ ನಾಲ್ಕು ಜಾಗ ಎದ್ದಿತ್ತು. ಕೆರೆದು ಪ್ರೈಮರ್ ಹಚ್ಚಿದೆ, ಅರ್ಧ ದಿನದ ಕೆಲಸ. ವರ್ಷಕ್ಕೊಮ್ಮೆ ಈ ಅರ್ಧ ದಿನ ಕೊಟ್ಟರೆ ಟ್ರೇಲರ್ ಮಗನ ಕಾಲಕ್ಕೂ ಉಳಿದೀತು. ಅವನ ಕಾಲಿನ ಗುರುತು ಹಾಗೇ ಇದೆ. ಈಗ ತಳ ತಟ್ಟಿ ನೋಡದೆ ಅವನು ಚೀಲ ಹೇರುವುದಿಲ್ಲ.