ಸೈಕಲ್ ದಾರಿಗಾಗಿ ಒಂದು ಸಹಿ



ಬರ್ಲಿನ್ನಿನ ನಮ್ಮ ಶನಿವಾರದ ಕನ್ನಡ ತರಗತಿಗೆ ಹಲವು ಮಕ್ಕಳು ಸೈಕಲ್ಲಿನಲ್ಲೇ ಬರುತ್ತಾರೆ. ಒಂದು ಶನಿವಾರ ಆರನೇ ತರಗತಿಯ ಹುಡುಗನೊಬ್ಬ ಮೊಣಕೈ ತರಚಿಕೊಂಡು, ಅಳು ನುಂಗಿಕೊಂಡು ಬಂದ. ರಸ್ತೆ ಬದಿಗೆ ನಿಲ್ಲಿಸಿದ್ದ ಕಾರಿನ ಬಾಗಿಲು ಇದ್ದಕ್ಕಿದ್ದಂತೆ ತೆರೆದುಕೊಂಡಿತ್ತು. ಹಿಂದಿನಿಂದ ಬೇರೆ ವಾಹನ ಬರುತ್ತಿರಲಿಲ್ಲ, ಅದೇ ಪುಣ್ಯ. ಗಾಯ ತೊಳೆದು ಪಟ್ಟಿ ಕಟ್ಟಿದ ಮೇಲೆ ಅವನು ಕೇಳಿದ ಮೊದಲ ಪ್ರಶ್ನೆ: "ಟೀಚರ್, ತಪ್ಪು ನನ್ನದಾ?" ಆ ದಿನ ವ್ಯಾಕರಣದ ಪಾಠವನ್ನು ಬದಿಗಿಟ್ಟು ನಾವೆಲ್ಲ ಇದನ್ನೇ ಮಾತಾಡಿದೆವು. ಈ ಲೇಖನ ಆ ಮಾತಿನ ಫಲ.

ಅಂದಿನ ಸೈಕಲ್, ಇಂದಿನ ಸೈಕಲ್

ನಮ್ಮಲ್ಲಿ ಅನೇಕ ಪೋಷಕರು ಊರಿನಲ್ಲಿ ಗಂಟೆಯ ಲೆಕ್ಕದಲ್ಲಿ ಬಾಡಿಗೆ ಸೈಕಲ್ ತಂದು, ಒಳಪೆಡ್ಲು ತುಳಿದು ಕಲಿತವರು. ಕರ್ನಾಟಕದಲ್ಲಿ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸರಕಾರ ಉಚಿತ ಸೈಕಲ್ ಕೊಡುವ ಯೋಜನೆ ಆರಂಭಿಸಿತು. 2017ರಲ್ಲಿ ಮೈಸೂರಿನಲ್ಲಿ 'ಟ್ರಿಣ್ ಟ್ರಿಣ್' ಎಂಬ ಸಾರ್ವಜನಿಕ ಸೈಕಲ್ ವ್ಯವಸ್ಥೆ ಬಂತು. ನಾವು ಈಗ ನೆಲೆಸಿರುವ ಜರ್ಮನಿಗೂ ಸೈಕಲ್ಲಿಗೂ ಹಳೆಯ ನಂಟು. 1817ರಲ್ಲಿ ಮಾನ್‌ಹೈಮ್ ನಗರದಲ್ಲಿ ಕಾರ್ಲ್ ಡ್ರೈಸ್ ಎಂಬಾತ ಪೆಡಲ್ಲೇ ಇಲ್ಲದ, ಕಾಲಿನಿಂದ ನೆಲವನ್ನು ತಳ್ಳುತ್ತ ಓಡಿಸುವ ಎರಡು ಚಕ್ರದ ಗಾಡಿಯನ್ನು ಓಡಿಸಿ ತೋರಿಸಿದ. ಅದೇ ಇಂದಿನ ಸೈಕಲ್ಲಿನ ಪೂರ್ವಜ.

ಅಪಾಯ ಎಲ್ಲಿರುತ್ತದೆ?

ಸೈಕಲ್ ಓಡಿಸಲು ಬಂದರೆ ಸಾಲದು, ಅಪಾಯ ಎಲ್ಲಿ ಅಡಗಿದೆ ಎಂದೂ ತಿಳಿದಿರಬೇಕು. ಮುಖ್ಯವಾದವು ಮೂರು.

ಮೊದಲನೆಯದು, ಕಾರಿನ ಬಾಗಿಲು. ನಿಂತ ಕಾರುಗಳಿಂದ ಸುಮಾರು ಒಂದು ಮೀಟರ್ ದೂರದಲ್ಲಿ ಹೋಗುವುದು ಕ್ಷೇಮ. ಕಾರಿನೊಳಗೆ ಕೂತವರು ಬಾಗಿಲಿಗೆ ಹತ್ತಿರದ ಕೈ ಬಿಟ್ಟು ಇನ್ನೊಂದು ಕೈಯಿಂದ ತೆರೆದರೆ ಮೈ ತಾನಾಗಿ ತಿರುಗುತ್ತದೆ, ಕಣ್ಣು ಹಿಂದಕ್ಕೆ ಹೋಗುತ್ತದೆ. ಅಪ್ಪ ಅಮ್ಮಂದಿರೇ, ಇದು ನಿಮಗೆ ಪಾಠ!

ಎರಡನೆಯದು, ಬಲಕ್ಕೆ ತಿರುಗುವ ಲಾರಿ. ಇಲ್ಲಿ ವಾಹನಗಳು ರಸ್ತೆಯ ಬಲಗಡೆ ಚಲಿಸುವುದರಿಂದ, ಬಲಕ್ಕೆ ತಿರುಗುವ ಲಾರಿಯ ಪಕ್ಕದಲ್ಲಿ ನೇರ ಹೋಗುವ ಸೈಕಲ್ ಸವಾರ ಚಾಲಕನ ಕಣ್ಣಿಗೆ ಬೀಳದೇ ಹೋಗಬಹುದು. 3.5 ಟನ್ನಿಗಿಂತ ಭಾರದ ವಾಹನಗಳು ಊರೊಳಗೆ ಸೈಕಲ್ ಅಥವಾ ಪಾದಚಾರಿಗಳು ಬರಬಹುದಾದ ಕಡೆ ನಡಿಗೆಯ ವೇಗದಲ್ಲೇ ಬಲಕ್ಕೆ ತಿರುಗಬೇಕೆಂದು 2020ರಲ್ಲಿ ನಿಯಮ ಬಂದಿದೆ. ಆದರೂ ಲಾರಿಯ ಪಕ್ಕದಲ್ಲಿ ನಿಲ್ಲಬೇಡಿ. ಅದು ಮುಂದೆ ಹೋಗಲಿ, ನೀವು ಹಿಂದೆ ಕಾಯಿರಿ.

ಮೂರನೆಯದು, ಮೈ ಸವರಿಕೊಂಡು ಮುಂದೆ ಹೋಗುವ ಕಾರು. ಸೈಕಲ್ಲನ್ನು ಹಿಂದಿಕ್ಕುವಾಗ ಊರೊಳಗೆ ಕನಿಷ್ಠ 1.5 ಮೀಟರ್, ಊರ ಹೊರಗೆ 2 ಮೀಟರ್ ಅಂತರ ಬಿಡಬೇಕೆಂಬುದೂ 2020ರ ನಿಯಮವೇ.

ಇನ್ನು ಚಿಕ್ಕ ಮಕ್ಕಳ ವಿಷಯ. ಎಂಟು ವರ್ಷ ತುಂಬುವವರೆಗೆ ಸಾಮಾನ್ಯವಾಗಿ ಪಾದಚಾರಿ ಮಾರ್ಗದಲ್ಲೇ ಸೈಕಲ್ ಓಡಿಸಬೇಕು. ಹತ್ತು ತುಂಬುವವರೆಗೆ ಬೇಕಿದ್ದರೆ ಓಡಿಸಬಹುದು. ಅಲ್ಲಿಂದ ರಸ್ತೆ ದಾಟುವಾಗ ಇಳಿದು ತಳ್ಳಿಕೊಂಡು ಹೋಗಬೇಕು. ಹೆಲ್ಮೆಟ್ ಇಲ್ಲಿ ಕಾನೂನಿನ ಕಡ್ಡಾಯವಲ್ಲ, ಆದರೆ ನಮ್ಮ ತರಗತಿಯಲ್ಲಿ ಅದು ಅಮ್ಮಂದಿರ ಕಡ್ಡಾಯ!

ಊರಿನ ಜನ ಏನು ಮಾಡಿದರು?

ನಿಯಮ ಎಲ್ಲರೂ ಪಾಲಿಸಿದರೂ ಒಂದು ಪ್ರಶ್ನೆ ಉಳಿಯುತ್ತದೆ. ರಸ್ತೆಯಲ್ಲಿ ಸೈಕಲ್ಲಿಗೆ ಜಾಗವೇ ಇಲ್ಲದಿದ್ದರೆ? ಜಾಗ ಕೇಳಿ ಪಡೆಯಬೇಕು. ಅಳುವ ಕೂಸಿಗೇ ಹಾಲು ಎಂಬ ಮಾತು ಸುಳ್ಳಲ್ಲ.

ಬರ್ಲಿನ್ನಿನ ಕೆಲವು ನಾಗರಿಕರು ಸೇರಿ ಹತ್ತು ಗುರಿಗಳನ್ನು ಬರೆದುಕೊಂಡರು. ಅವುಗಳ ಆಧಾರದ ಮೇಲೆ ಒಂದು ಕಾಯಿದೆಯ ಕರಡನ್ನೇ ಸಿದ್ಧಪಡಿಸಿ, ಜನಮತಗಣನೆ ನಡೆಸಬೇಕೆಂದು 2016ರಲ್ಲಿ ಸಹಿ ಸಂಗ್ರಹಕ್ಕೆ ಇಳಿದರು. ಮೊದಲ ಹಂತ ದಾಟಲು 20,000 ಸಹಿ ಸಾಕಿತ್ತು. ನಾಲ್ಕು ವಾರ ತುಂಬುವ ಮೊದಲೇ ಒಂದು ಲಕ್ಷಕ್ಕೂ ಹೆಚ್ಚು ಸಹಿಗಳು ಬಂದವು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಚುನಾವಣೆ ಇತ್ತು. ಇಷ್ಟೊಂದು ಸಹಿಗಳನ್ನು ಯಾವ ಪಕ್ಷ ತಾನೆ ಕಡೆಗಣಿಸೀತು? ಹೊಸ ಸರಕಾರ ಸಂಘಟಕರನ್ನು ಮಾತುಕತೆಗೆ ಕರೆಯಿತು. ಕೊನೆಗೆ ಜನಮತಗಣನೆಯ ಅಗತ್ಯವೇ ಬೀಳಲಿಲ್ಲ. 2018ರ ಜೂನ್ 28ರಂದು ಬರ್ಲಿನ್ನಿನ ಶಾಸನಸಭೆ ಸಂಚಾರ ಕಾಯಿದೆಯನ್ನು ಅಂಗೀಕರಿಸಿತು. ಮುಖ್ಯ ರಸ್ತೆಗಳಲ್ಲಿ ಸಾಕಷ್ಟು ಅಗಲದ, ಸುರಕ್ಷಿತ ಸೈಕಲ್ ದಾರಿ ಇರಬೇಕು ಎಂಬುದು ಅದರ ಒಂದು ಮುಖ್ಯ ಅಂಶ. 2020ರ ಮಾರ್ಚ್‌ನಲ್ಲಿ, ಕೊರೊನಾ ಕಾಲದಲ್ಲಿ, ಕ್ರಾಯ್ಟ್ಸ್‌ಬರ್ಗ್ ಭಾಗದಲ್ಲಿ ಹಳದಿ ಗೆರೆ ಎಳೆದು ತಾತ್ಕಾಲಿಕ ಸೈಕಲ್ ದಾರಿಗಳನ್ನು ಮಾಡಿದರು. ಅಂಥವು ಹಲವು ಮುಂದೆ ಕಾಯಂ ಆದವು.

ಆದರೆ ಕಾಯಿದೆ ಬಂದ ಮಾತ್ರಕ್ಕೆ ದಾರಿ ಬರುವುದಿಲ್ಲ. ಕೆಲಸ ನಿಧಾನವಾಗಿ ಸಾಗಿತು. ಕಾರು ನಿಲ್ಲಿಸುವ ಜಾಗ ಹೋಗುತ್ತದೆ, ಅಂಗಡಿಗೆ ಸಾಮಾನು ಇಳಿಸುವುದು ಹೇಗೆ ಎಂದು ಕೇಳಿದವರೂ ಇದ್ದರು. ಅವರ ಕಷ್ಟವೂ ಕಷ್ಟವೇ, ಅದಕ್ಕೂ ಉತ್ತರ ಹುಡುಕಬೇಕು. 2023ರಲ್ಲಿ ಬಂದ ಸರಕಾರ ಕೆಲವು ಸೈಕಲ್ ದಾರಿಗಳ ಕೆಲಸ ತಡೆದು ಮರುಪರಿಶೀಲನೆಗೆ ಇಳಿದಾಗ, ಸಾವಿರಾರು ಜನ ಸೈಕಲ್ ಏರಿ ಬೀದಿಗೆ ಬಂದರು. ಒಮ್ಮೆ ಸಿಕ್ಕಿದ್ದನ್ನು ಕಾಯ್ದುಕೊಳ್ಳಲೂ ಎಚ್ಚರ ಬೇಕು ಎಂಬುದು ಇದರ ಪಾಠ.

ಮತವಿಲ್ಲದ ನಾವು ಏನು ಮಾಡಬಹುದು?

2016ರ ಆ ಸಹಿ ಹಾಕಲು ಜರ್ಮನ್ ಪೌರತ್ವ ಬೇಕಿತ್ತು. ಭಾರತದ ಪಾಸ್‌ಪೋರ್ಟ್ ಇರುವ ನಮ್ಮಂಥವರು ಬರಿದೇ ನೋಡುತ್ತ ನಿಲ್ಲಬೇಕಾಯಿತು. "ಇದು ನಮ್ಮ ಊರಲ್ಲ, ನಮಗೇಕೆ?" ಎಂದು ಸುಮ್ಮನಿರುವ ಅಭ್ಯಾಸ ನಮ್ಮಲ್ಲಿ ಹಲವರಿಗಿದೆ. ಆದರೆ ನಮ್ಮ ಮಕ್ಕಳು ಬೀಳುವುದು ಇದೇ ಊರಿನ ರಸ್ತೆಯಲ್ಲಿ.

ದಾರಿಗಳು ಇವೆ. ಜರ್ಮನಿಯ ಸಂವಿಧಾನದ 17ನೇ ವಿಧಿ ಅಧಿಕಾರಿಗಳಿಗೂ ಶಾಸನಸಭೆಗೂ ಲಿಖಿತ ಮನವಿ ಕೊಡುವ ಹಕ್ಕನ್ನು 'ಪ್ರತಿಯೊಬ್ಬರಿಗೂ' ಕೊಟ್ಟಿದೆ. ಅದರಲ್ಲಿ ವಿದೇಶೀಯರೂ ಸೇರುತ್ತಾರೆ, ಮಕ್ಕಳೂ ಸೇರುತ್ತಾರೆ. ಬರ್ಲಿನ್ನಿನ ಜಿಲ್ಲಾ ಸಭೆಗಳಲ್ಲಿ ನಿವಾಸಿಗಳು ಪ್ರಶ್ನೆ ಕೇಳಲೂ ಅವಕಾಶವಿದೆ.

ಹಾಗಾಗಿ ನಾವೂ ಒಂದು ಪತ್ರ ಬರೆದೆವು. ಮಕ್ಕಳು ತರಗತಿಯ ಮುಂದಿನ ಬೀದಿಯ ನಕ್ಷೆ ಬಿಡಿಸಿ, ಹೆದರಿಕೆಯಾಗುವ ಜಾಗಗಳಿಗೆ ಕೆಂಪು ಚುಕ್ಕೆ ಇಟ್ಟರು. ಹಿರಿಯ ವಿದ್ಯಾರ್ಥಿಗಳು ಜರ್ಮನ್ ಭಾಷೆಯಲ್ಲಿ ಬರೆದರು, ಪೋಷಕರು ತಿದ್ದಲು ಹೋಗಿ ಮಕ್ಕಳಿಂದಲೇ ತಿದ್ದಿಸಿಕೊಂಡರು. ದೂರು ಕಡಿಮೆ, ಬೇಡಿಕೆ ಸ್ಪಷ್ಟ: ಆ ಬೀದಿಯನ್ನು ಸೈಕಲ್ ಬೀದಿಯಾಗಿ ಮಾಡಿ. ಅಂಥ ಬೀದಿಯಲ್ಲಿ ವೇಗ ಗಂಟೆಗೆ 30 ಕಿ.ಮೀ. ದಾಟುವಂತಿಲ್ಲ, ಸೈಕಲ್ ಸವಾರರು ಅಕ್ಕಪಕ್ಕದಲ್ಲಿ ಹೋಗಬಹುದು.

ಉತ್ತರ ಬಂದಿದೆ. ಪರಿಶೀಲಿಸುತ್ತೇವೆ ಎಂದಿದ್ದಾರೆ. ಬೀದಿ ಇನ್ನೂ ಹಾಗೇ ಇದೆ, ನಾವು ಎರಡನೇ ಪತ್ರ ಬರೆಯುತ್ತಿದ್ದೇವೆ.

ಆ ಹುಡುಗನ ಪ್ರಶ್ನೆಗೂ ಉತ್ತರ ಸಿಕ್ಕಿತು. ಇತರರಿಗೆ ಅಪಾಯವಾಗದಂತೆ ನೋಡಿಕೊಂಡು ಬಾಗಿಲು ತೆರೆಯುವುದು ಕಾರಿನಿಂದ ಇಳಿಯುವವರ ಹೊಣೆ ಎಂದು ಇಲ್ಲಿನ ಸಂಚಾರ ನಿಯಮವೇ ಹೇಳುತ್ತದೆ. ಇಲ್ಲ ಮಗು, ತಪ್ಪು ನಿನ್ನದಲ್ಲ. ಎರಡನೇ ಪತ್ರದ ಮೊದಲ ಸಹಿ ಅವನದೇ.

ಅಭ್ಯಾಸ

1. ಮನೆಯಿಂದ ಶಾಲೆಗೆ ಹೋಗುವ ದಾರಿಯ ನಕ್ಷೆ ಬಿಡಿಸಿ, ಅಪಾಯದ ಮೂರು ಜಾಗಗಳನ್ನು ಗುರುತಿಸಿ.
2. ಕಾರಿನ ಬಾಗಿಲನ್ನು ದೂರದ ಕೈಯಿಂದ ಏಕೆ ತೆರೆಯಬೇಕು? ಮನೆಯವರಿಗೆ ಕನ್ನಡದಲ್ಲಿ ವಿವರಿಸಿ.
3. ಬರ್ಲಿನ್ನಿನಲ್ಲಿ ಜನಮತಗಣನೆ ನಡೆಯದಿದ್ದರೂ ಕಾಯಿದೆ ಬಂದದ್ದು ಹೇಗೆ?
4. ನಿಮ್ಮ ಅಜ್ಜ ಅಥವಾ ಅಜ್ಜಿಗೆ ಫೋನ್ ಮಾಡಿ, ಅವರು ಸೈಕಲ್ ಕಲಿತ ಕಥೆ ಕೇಳಿ ಹತ್ತು ವಾಕ್ಯ ಬರೆಯಿರಿ.